ಕೋಚ್ ಒಳಗಿನಿಂದಲೇ ಬರಲಿ

ಎಲ್ಲರೂ ಕೇಳಿ ಮಾರಾಯ್ರೇ, ಇದು ಟೈಪ್ ಮಾಡಿ ಮುಗಿಸುವ ವಿಷಯ ಅಲ್ಲ. ಅದಕ್ಕೇ ವಾಯ್ಸ್ ಹಾಕುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಪುರುಸೊತ್ತಿನಲ್ಲಿ ಕೇಳಿ.

ನಿನ್ನೆಯಿಂದ ನಮ್ಮ ಫುಟ್‌ಬಾಲ್ ಟೀಮ್ ಬೆಂಗಳೂರು ಎಫ್‌ಸಿಗೆ ಮುಂದಿನ ಕೋಚ್ ಯಾರಾಗಬೇಕು ಅಂತ ಗ್ರೂಪಲ್ಲಿ ಚರ್ಚೆ ಆಗುತ್ತಾ ಉಂಟು. ಉಳ್ಳಾಲದ ಭಾವ ಯುರೋಪಿನ ದೊಡ್ಡ ಹೆಸರು ಬೇಕು ಅಂದರು. ಮಣಿಪಾಲದಿಂದ ತಮ್ಮ, ಖಾಲಿದ್ ಜಮೀಲ್ ಥರದ ಭಾರತೀಯ ಕೋಚ್ ಬರಲಿ ಅಂದ. ಚಿಕ್ಕಪ್ಪ ಮಾತ್ರ, ಕೋಚ್ ಯಾರಾದರೆ ಎಂತ, ಆಡುವುದು ಹುಡುಗರಲ್ವಾ ಅಂತ ಒಂದೇ ಸಾಲು ಹಾಕಿ ಸುಮ್ಮನಾದರು. ನನಗೆ ಈ ಮೂರೂ ಪೂರ್ತಿ ಒಪ್ಪಿಗೆ ಇಲ್ಲ. ನಮ್ಮ ಟೀಮಿನ ಒಳಗೆ ಇದ್ದು, ಹುಡುಗರನ್ನು ಹತ್ತಿರದಿಂದ ನೋಡಿದವರೇ ಕೋಚ್ ಆಗಬೇಕು ಅಂತ ನನ್ನ ಅಭಿಪ್ರಾಯ. ಯಾಕೆ ಅಂತ ಹೇಳುತ್ತೇನೆ.

2018ರ ಫೈನಲ್ ನೆನಪು ಮಾಡಿಕೊಳ್ಳಿ. ಆಗ ಕೋಚ್ ಆಲ್ಬರ್ಟ್ ರೋಕಾ. ಐಎಸ್ಎಲ್‌ನಲ್ಲಿ, ಅಂದರೆ ಇಂಡಿಯನ್ ಸೂಪರ್ ಲೀಗ್‌ನಲ್ಲಿ, ನಮಗೆ ಅದು ಮೊದಲನೇ ವರ್ಷ, ಲೀಗ್‌ನಲ್ಲಿ ನಾವೇ ಮೊದಲ ಸ್ಥಾನ. ಫೈನಲ್ ನಮ್ಮದೇ ಕಂಠೀರವ ಸ್ಟೇಡಿಯಂನಲ್ಲಿ. ನಮ್ಮ ಸ್ಟ್ರೈಕರ್ ಸುನಿಲ್ ಚೆಟ್ರಿ 9ನೇ ನಿಮಿಷಕ್ಕೇ ಗೋಲು ಹೊಡೆದರು. ಆದರೂ ಚೆನ್ನೈಯಿನ್ ಟೀಮಿನ ಕೈಲಿ 3-2ಕ್ಕೆ ಸೋತೆವು. ಸೋತದ್ದು ಹೇಗೆ? ಎರಡು ಕಾರ್ನರ್, ಅಂದರೆ ಮೈದಾನದ ಮೂಲೆಯಿಂದ ಒದೆಯುವ ಬಾಲ್, ಎರಡಕ್ಕೂ ತಲೆಯಿಂದ ಹೊಡೆದ ಹೆಡರ್. ಎರಡನ್ನೂ ಹೊಡೆದದ್ದು ಅವರ ಡಿಫೆಂಡರ್ ಮೈಲ್ಸನ್ ಆಲ್ವೆಸ್. ಅವತ್ತು ರೋಕಾ ಪಕ್ಕದಲ್ಲಿ ಅಸಿಸ್ಟೆಂಟ್ ಆಗಿ ಇದ್ದವರು ಕಾರ್ಲೆಸ್ ಕ್ವಾಡ್ರಟ್. ರೋಕಾ ಹೋದ ಮೇಲೆ ಕ್ಲಬ್‌ನವರು ಹೊಸ ಹೆಸರು ಹುಡುಕಲಿಲ್ಲ. ಅದೇ ಕ್ವಾಡ್ರಟ್‌ಗೆ ಟೀಮ್ ಕೊಟ್ಟರು. ಮುಂದಿನ ವರ್ಷ ಮುಂಬೈಯಲ್ಲಿ ಗೋವಾ ಜೊತೆ ಫೈನಲ್. 90 ನಿಮಿಷ ಆಯಿತು, ಗೋಲಿಲ್ಲ. ಎಕ್ಸ್‌ಟ್ರಾ ಟೈಮ್ ಮುಗಿಯಲು ಬಂದಿತ್ತು. 117ನೇ ನಿಮಿಷಕ್ಕೆ ಡಿಮಾಸ್ ಡೆಲ್ಗಾಡೊ ಕಾರ್ನರ್ ಹಾಕಿದರು, ರಾಹುಲ್ ಭೇಕೆ ತಲೆ ಕೊಟ್ಟರು. ಕಪ್ ನಮ್ಮದು! ಕಾರ್ನರಿನಲ್ಲಿ ಕಳೆದುಕೊಂಡ ಕಪ್ಪನ್ನು ಒಂದೇ ವರ್ಷದಲ್ಲಿ ಕಾರ್ನರಿನಲ್ಲೇ ತಂದರು. ನನಗೆ ಇದು ಸುಮ್ನೆ ಅದೃಷ್ಟ ಅಂತ ಅನಿಸುವುದಿಲ್ಲ. ಆ ಸೋಲನ್ನು ಬೆಂಚಿನಲ್ಲಿ ಕೂತು ನೋಡಿದವರಿಗೆ ಎಲ್ಲಿ ತೂತು ಇದೆ ಅಂತ ಗೊತ್ತಿರುತ್ತದೆ. ಹೊರಗಿನಿಂದ ಬಂದವರಿಗೆ ಅದನ್ನು ಕಂಡುಹಿಡಿಯಲಿಕ್ಕೇ ಅರ್ಧ ಸೀಸನ್ ಬೇಕು.

ಗೆರಾರ್ಡ್ ಜರಗೋಜಾ ವಿಷಯವೂ ಹಾಗೇ. ಅವರು 2018-19ರಲ್ಲಿ ಕ್ವಾಡ್ರಟ್ ಜೊತೆ ಇಲ್ಲೇ ಕೆಲಸ ಮಾಡಿದ್ದವರು. 2023ರ ಡಿಸೆಂಬರ್‌ನಲ್ಲಿ ಕೋಚ್ ಆಗಿ ವಾಪಸ್ ಬಂದಾಗ ಟೀಮಿನ ಸ್ಥಿತಿ ಯಾರಿಗೂ ಬೇಡ. ಆ ಸೀಸನ್ 12 ಟೀಮುಗಳಲ್ಲಿ ನಾವು 10ನೇ ಸ್ಥಾನ. ಅವತ್ತೇ ತೆಗೆಯಿರಿ ಅಂದವರು ನಮ್ಮಲ್ಲೂ ಇದ್ದರು. ಕ್ಲಬ್ ತೆಗೆಯಲಿಲ್ಲ. ಮುಂದಿನ ವರ್ಷ ಮೋಹನ್ ಬಾಗಾನ್ ಅನ್ನು ಕಂಠೀರವದಲ್ಲಿ 3-0, ಲೀಗ್ ಮುಗಿದ ಮೇಲಿನ ಪ್ಲೇಆಫ್‌ನಲ್ಲಿ ಮುಂಬೈ ಸಿಟಿಯನ್ನು 5-0ಕ್ಕೆ ಸೋಲಿಸಿದೆವು. ಫೈನಲ್‌ನಲ್ಲಿ ಕೋಲ್ಕತ್ತಾದಲ್ಲಿ ಎಕ್ಸ್‌ಟ್ರಾ ಟೈಮಿಗೆ ಹೋಗಿ 2-1ಕ್ಕೆ ಸೋತೆವು. ಬೇಜಾರು ಈಗಲೂ ಉಂಟು. ಆದರೆ 10ನೇ ಸ್ಥಾನದಿಂದ ಫೈನಲ್‌ಗೆ ಬಂದದ್ದು ಸಣ್ಣ ವಿಷಯವಾ?

ಅದಕ್ಕಿಂತ ನನಗೆ ದೊಡ್ಡದು ಬೇರೆ ಉಂಟು. 2024ರ ಸೆಪ್ಟೆಂಬರ್‌ನಲ್ಲಿ ಈಸ್ಟ್ ಬೆಂಗಾಲ್ ಮೇಲೆ 1-0ಕ್ಕೆ ಗೆದ್ದೆವಲ್ಲ, ಆ ಗೋಲು ಹೊಡೆದದ್ದು ವಿನೀತ್ ವೆಂಕಟೇಶ್. ಬೆಂಗಳೂರಿನ ಹುಡುಗ, ಕ್ಲಬ್‌ನ ಕೆಳಗಿನ ಟೀಮುಗಳಲ್ಲಿ ಆಡಿ ಬೆಳೆದವ. ಅಂಥ ಹುಡುಗನನ್ನು ಸೀಸನ್ನಿನ ಮೊದಲ ಮ್ಯಾಚಿಗೇ ಇಳಿಸಬೇಕಾದರೆ ಕೋಚಿಗೆ ಅವನ ಮೇಲೆ ಭರವಸೆ ಇರಬೇಕು. ವಿಡಿಯೊ ನೋಡಿ ಆ ಭರವಸೆ ಬರುವುದಿಲ್ಲ.

ಭಾವ, ಈಗ ನಿಮ್ಮ ಮಾತಿಗೆ ಬರುತ್ತೇನೆ. 2021-22ರಿಂದ ಐಎಸ್ಎಲ್‌ನಲ್ಲಿ ಒಂದು ಟೀಮು ಮೈದಾನದಲ್ಲಿ ನಾಲ್ಕೇ ವಿದೇಶಿಯರನ್ನು ಇಳಿಸಬಹುದು. ಅಂದರೆ ಹನ್ನೊಂದರಲ್ಲಿ ಏಳು ಜನ ನಮ್ಮವರೇ. ಯುರೋಪಿನ ದೊಡ್ಡ ಕೋಚಿಗೆ ಆ ನಾಲ್ವರನ್ನು ಆರಿಸುವುದು ಸುಲಭ. ಬಾಕಿ ಏಳು ಜನ? ಮಣಿಪುರದ ಹುಡುಗ, ಪಂಜಾಬಿನ ಹುಡುಗ, ಕೇರಳದ ಹುಡುಗ, ಒಬ್ಬೊಬ್ಬರದ್ದು ಒಂದೊಂದು ಭಾಷೆ, ಒಂದೊಂದು ರೀತಿಯ ಆಟ. ಯಾರನ್ನು ಗದರಿಸಿದರೆ ಚೆನ್ನಾಗಿ ಆಡುತ್ತಾನೆ, ಯಾರು ಗದರಿಸಿದರೆ ಮುದುಡಿ ಹೋಗುತ್ತಾನೆ, ಇದು ಜೊತೆಯಲ್ಲಿ ಇದ್ದವರಿಗೇ ಗೊತ್ತಾಗುವುದು. ನೆಹರೂ ಮೈದಾನದಲ್ಲಿ ಆಡುವ ನಮ್ಮ ಊರಿನ ಟೀಮಿಗೆ ಒಬ್ಬರು ಹೊರಗಿನಿಂದ ಕೋಚ್ ಆಗಿ ಬಂದಿದ್ದರು. ಒಳ್ಳೆಯ ಮನುಷ್ಯ, ಆಟ ಚೆನ್ನಾಗಿ ಗೊತ್ತಿತ್ತು. ಆದರೆ ನಮ್ಮ ಎಡಗಾಲಿನ ಹುಡುಗನನ್ನು ಮ್ಯಾಚು ಮ್ಯಾಚಿಗೂ ಬಲಬದಿಯಲ್ಲೇ ಆಡಿಸಿದರು. ಅವನಿಗೆ ಅಲ್ಲಿ ಬಾಲ್ ಸಿಕ್ಕಿದರೂ ಕ್ರಾಸ್ ಹಾಕಲು ಬರುತ್ತಿರಲಿಲ್ಲ. ಅವನು ಬಾಯಿಬಿಟ್ಟು ಹೇಳುವವನೂ ಅಲ್ಲ. ಮಳೆಗಾಲದ ಮುಂಚೆ ಆಟವನ್ನೇ ಬಿಟ್ಟ. ನನಗೆ ಅದು ಈಗಲೂ ಹೊಟ್ಟೆ ಉರಿಯುವ ವಿಷಯ.

ಹಾಗಂತ ಹೊರಗಿನವರು ಎಲ್ಲ ಕೆಟ್ಟವರು ಅಂತ ನಾನು ಹೇಳುವುದಿಲ್ಲ. ಆಶ್ಲೆ ವೆಸ್ಟ್‌ವುಡ್ ಹೊರಗಿನವರೇ. 2013ರಲ್ಲಿ ಶುರುವಾದ ಕ್ಲಬ್‌ಗೆ ಮೊದಲ ಸೀಸನ್‌ನಲ್ಲೇ ಆಗಿನ ದೊಡ್ಡ ಲೀಗ್ ಆದ ಐ-ಲೀಗ್ ಗೆದ್ದು ಕೊಟ್ಟರು. ಆದರೆ ಆಗ ಟೀಮೇ ಹೊಸದು, ಒಳಗಿನವರು ಅಂತ ಯಾರಿದ್ದರು? ಸೈಮನ್ ಗ್ರೇಸನ್ ಕೂಡ 2022ರಲ್ಲಿ ಡುರಾಂಡ್ ಕಪ್ ತಂದರು, ಅದೇ ಸೀಸನ್‌ನಲ್ಲಿ ಐಎಸ್ಎಲ್ ಫೈನಲ್ ಪೆನಾಲ್ಟಿಯಲ್ಲಿ ಹೋಯಿತು. ಅವರಿಗೆ ಗೌರವ ಕೊಡಲೇಬೇಕು. ಇತ್ತ ಒಳಗಿನವರಾದ ನೌಷಾದ್ ಮೂಸಾ 2021ರಲ್ಲಿ ಹಂಗಾಮಿಯಾಗಿ ಬಂದಾಗ ಏಳನೇ ಸ್ಥಾನಕ್ಕೇ ನಿಂತೆವು. ಆದರೆ ಸೀಸನ್ ಮಧ್ಯದಲ್ಲಿ, ಸೋಲಿನ ಮೇಲೆ ಸೋಲು ಬರುವಾಗ ಟೀಮ್ ಕೈಗೆ ಕೊಟ್ಟು, ಸೀಸನ್ ಮುಗಿದ ಕೂಡಲೇ ಬೇರೆಯವರನ್ನು ತಂದರೆ ಅದು ಅವಕಾಶ ಕೊಟ್ಟ ಹಾಗೆ ಆಗುವುದಿಲ್ಲ. ಒಳಗಿನವರಿಗೆ ಕೊಡುವುದಾದರೆ ಸೀಸನ್ ಶುರುವಿನಿಂದಲೇ ಕೊಡಬೇಕು.

ತಮ್ಮಾ, ನೀನು ಹೇಳಿದ ಖಾಲಿದ್ ಜಮೀಲ್ ನನಗೂ ತುಂಬಾ ಇಷ್ಟ. 2016-17ರಲ್ಲಿ ಐಜಾಲ್‌ನಂಥ ಸಣ್ಣ ಕ್ಲಬ್ ಕಟ್ಟಿಕೊಂಡು ಐ-ಲೀಗ್ ಗೆದ್ದವರು ಅವರು. ನಾರ್ತ್‌ಈಸ್ಟ್ ಯುನೈಟೆಡ್ ಅನ್ನು ಪ್ಲೇಆಫ್‌ಗೆ ಒಯ್ದರು. 2025ರ ಆಗಸ್ಟ್‌ನಲ್ಲಿ ದೇಶದ ಟೀಮೇ ಅವರ ಕೈಗೆ ಬಂತು. ಆದರೆ ಅದಕ್ಕೂ ಮುಂಚೆ ಅವರು ಮುಂಬೈ ಎಫ್‌ಸಿಯಲ್ಲಿ ವರ್ಷಗಟ್ಟಲೆ ಕೋಚ್ ಆಗಿದ್ದರು. ಅಲ್ಲಿ ದುಡ್ಡೂ ಇರಲಿಲ್ಲ, ಸ್ಟಾರ್ ಆಟಗಾರರೂ ಇರಲಿಲ್ಲ. ಆ ಕ್ಲಬ್ ಅವರನ್ನು ಅಷ್ಟು ಕಾಲ ಇಟ್ಟುಕೊಂಡಿತಲ್ಲ, ಅದಕ್ಕೇ ನಮಗೆ ಇವತ್ತಿನ ಖಾಲಿದ್ ಸಿಕ್ಕಿದ್ದು. ಅಂಥವರು ಬೇಕು ಅಂದರೆ ನಾವೂ ಒಬ್ಬರನ್ನು ಬೆಳೆಸಬೇಕು. ರೆನೆಡಿ ಸಿಂಗ್ ನಮ್ಮಲ್ಲೇ ಅಸಿಸ್ಟೆಂಟ್ ಆಗಿ ಕೆಲಸ ಮಾಡಿದವರು. ಭಾರತಕ್ಕೆ ಮಿಡ್‌ಫೀಲ್ಡ್‌ನಲ್ಲಿ ಆಡಿದವರು, ಮಣಿಪುರದವರು. ನಮ್ಮ ಟೀಮಿನಲ್ಲಿ ಸುರೇಶ್, ರೋಶನ್, ಚಿಂಗ್ಲೆನ್‌ಸನಾ ಎಲ್ಲ ಆ ಕಡೆಯವರೇ. ಅಂಥವರನ್ನು ಬರೀ ಹಂಗಾಮಿ ಕೆಲಸಕ್ಕೆ ಇಟ್ಟುಕೊಂಡರೆ ನನಗೆ ಸರಿ ಅನಿಸುವುದಿಲ್ಲ.

ಚಿಕ್ಕಪ್ಪ, ನೀವು ಹೇಳಿದ್ದೂ ಅರ್ಧ ಸರಿ. ಆಡುವುದು ಹುಡುಗರೇ. ಆದರೆ ಇವತ್ತು ಯಾವ ಹುಡುಗ ಆಡಬೇಕು, ಯಾವ ಹುಡುಗ ಬೆಂಚಿನಲ್ಲಿ ಕೂರಬೇಕು ಅಂತ ತೀರ್ಮಾನ ಮಾಡುವವರು ಯಾರು? ಇಷ್ಟು ವರ್ಷ ಚೆಟ್ರಿ ಇದ್ದರು. ಗೋಲು ಬೇಕು ಅಂದರೆ ಅವರ ಕಡೆ ನೋಡಿದರೆ ಆಯಿತು. 40 ದಾಟಿದ ಮೇಲೂ 2024-25ರಲ್ಲಿ 14 ಗೋಲು ಹೊಡೆದ ಮನುಷ್ಯ ಅವರು. ಅವರ ನಂತರ ಯಾರು ಅನ್ನುವುದಕ್ಕೆ ಮುಂದಿನ ಕೋಚೇ ಉತ್ತರ ಕೊಡಬೇಕು. ಅದಕ್ಕೇ ನಾನು ಇಷ್ಟು ಒತ್ತಿ ಹೇಳುವುದು.

ಭಾವ, ಇವತ್ತು ರಾತ್ರಿ ನೀವು ಹೆಸರುಗಳ ಪಟ್ಟಿ ಹಾಕುತ್ತೇನೆ ಅಂದಿದ್ದೀರಲ್ಲ, ಹಾಕಿ. ಆದರೆ ಪ್ರತಿ ಹೆಸರಿನ ಪಕ್ಕ ಒಂದು ವಿಷಯ ಬರೆಯಿರಿ. ಅವರು ಈ ಮೊದಲು ಕೋಚ್ ಆಗಿದ್ದ ಕ್ಲಬ್‌ಗಳಲ್ಲಿ, ಆ ಕ್ಲಬ್‌ನಲ್ಲೇ ಬೆಳೆದ ಎಷ್ಟು ಸಣ್ಣ ಹುಡುಗರನ್ನು ಮೊದಲ ಟೀಮಿನಲ್ಲಿ ಆಡಿಸಿದ್ದಾರೆ? ಅದನ್ನು ನೋಡಿಕೊಂಡು ಮಾತಾಡುವ.