ವೈಎ ಕಾದಂಬರಿ ಎಲ್ಲಾ ಒಂದೇ ಥರ ಅನ್ಸೋಕೆ ಶುರುವಾದ್ರೆ ಮುಂದೆ ಏನು ಓದ್ತೀರಾ?

ನನಗೆ ಯಂಗ್ ಅಡಲ್ಟ್ (ವೈಎ, ಹದಿಹರೆಯದವರಿಗೆ ಅಂತ ಬರೆಯೋ) ಕಾದಂಬರಿ ಅಂದ್ರೆ ಪ್ರಾಣ, ಕೆಲಸಕ್ಕೆ ಸೇರಿ ಇಷ್ಟು ವರ್ಷ ಆದ್ಮೇಲೂ ಬಿಟ್ಟಿಲ್ಲ. ಆದ್ರೆ ಈಗೀಗ ಯಾವ ಪುಸ್ತಕ ತಗೊಂಡ್ರೂ ಅದೇ ಕ್ರೂರ ಸರ್ಕಾರ, ಅದೇ ತಿರುಗಿ ಬೀಳೋ ಹುಡುಗಿ, ಅವಳನ್ನ ಇಷ್ಟಪಡೋ ಇಬ್ಬರು ಹುಡುಗರು, ಮೂರು ಭಾಗ. ಮೊದಲ್ನೇದು ಒಂದೇ ಉಸಿರಲ್ಲಿ ಮುಗಿಸ್ತೀನಿ, ಎರಡನೇದ್ರ ಮಧ್ಯ ನಿಂತು ಹೋಗ್ತೀನಿ. ನಿಮಗೂ ಹೀಗಾಗಿದ್ರೆ ಏನು ಮಾಡಿದ್ರಿ ಹೇಳಿ. ಹಾಗೇ ಅಕ್ಕನ ಮಗಳಿಗೆ ಈಗ ಹದಿಮೂರು, ಅವಳ ಜೊತೆ ಓದೋಕೆ ಯಾವ್ದು ಚೆನ್ನಾಗಿರುತ್ತೆ?

—

ನನಗೂ ಆಗಿತ್ತು. 2008ರಲ್ಲಿ 'ದಿ ಹಂಗರ್ ಗೇಮ್ಸ್' ಬಂದ್ಮೇಲೆ ಅದೇ ಅಚ್ಚಲ್ಲಿ ಎಷ್ಟೊಂದು ಸರಣಿಗಳು ಬಂದ್ವು ಅಂದ್ರೆ ವೈಎ ಅಂದ್ರೆ ಇಷ್ಟೇ ಅನ್ಸೋ ಹಾಗಾಯ್ತು, ನಾವೂ ಒಂದು ಇಷ್ಟ ಆಯ್ತು ಅಂತ ಅದರ ಹಾಗಿರೋದನ್ನೇ ಹುಡುಕ್ತಾ ಹೋಗ್ತೀವಲ್ಲ. ನಾನು ಮಾಡಿದ್ದು ಇಷ್ಟು: ಹಿಂದಿನ ರಟ್ಟಿನ ಮೇಲೆ ಕಥೆ ಏನು ಅಂತ ಬರೆದಿರ್ತಾರಲ್ಲ, ಅದನ್ನ ಓದೋದು ಬಿಟ್ಟು ಮೊದಲ ಎರಡು ಮೂರು ಪುಟ ಓದಿ ಇದನ್ನ ಹೇಳ್ತಿರೋದು ಯಾರು, ಆ ದನಿ ಇನ್ನೂ ಮುನ್ನೂರು ಪುಟ ಕೇಳ್ಬೇಕು ಅನ್ಸುತ್ತಾ ಅಂತ ನೋಡೋಕೆ ಶುರು ಮಾಡಿದೆ. ದೊಡ್ಡವರ ಕಾದಂಬರೀಲೂ ಹದಿಹರೆಯದವರು ಬರ್ತಾರೆ, ಆದ್ರೆ ಅಲ್ಲಿ ಬಹಳ ಸಲ ವಯಸ್ಸಾದ ಯಾರೋ ಹಿಂದಕ್ಕೆ ತಿರುಗಿ ನೋಡ್ತಾ ಹೇಳ್ತಿರ್ತಾರೆ, ಎಲ್ಲಾ ಮುಗಿದು ಅರ್ಥ ಆಗಿರುತ್ತೆ. ಒಳ್ಳೆ ವೈಎನಲ್ಲಿ ಹೇಳೋ ಹುಡುಗನಿಗೆ ನಾಳೆ ಏನು ಅಂತ ಗೊತ್ತಿಲ್ಲ, ಅವನ ಗಾಬರಿ ಅವನ ತಪ್ಪು ತೀರ್ಮಾನ ಎಲ್ಲಾ ಬಿಸಿಬಿಸಿಯಾಗಿ ನಮ್ಮ ಕೈಗೆ ಬರುತ್ತೆ. ನನಗೆ ಇವು ಇಷ್ಟೊಂದು ಹಿಡಿಸೋದು ಇದಕ್ಕೇನೇ.

ಶುರು ಮಾಡೋಕೆ ಎಸ್. ಇ. ಹಿಂಟನ್ ಅವರ 'ದಿ ಔಟ್‌ಸೈಡರ್ಸ್' ತಗೊಳ್ಳಿ. 1967ರದ್ದು. ಬರೆಯೋಕೆ ಶುರು ಮಾಡಿದಾಗ ಆಕೆಗೆ ಹದಿನೈದು, ಪುಸ್ತಕ ಬಂದಾಗ ಹದಿನೆಂಟು. ಹೇಳೋನು ಹದಿನಾಲ್ಕರ ಪೋನಿಬಾಯ್, ಅಪ್ಪ ಅಮ್ಮ ಕಾರ್ ಅಪಘಾತದಲ್ಲಿ ಹೋಗಿದಾರೆ, ದೊಡ್ಡಣ್ಣ ಮನೆ ನೋಡ್ಕೊತಿದಾನೆ, ಏನಾದ್ರೂ ಗಲಾಟೆ ಮಾಡ್ಕೊಂಡ್ರೆ ಸರ್ಕಾರದವರು ಬಂದು ತಮ್ಮನ್ನೆಲ್ಲ ಬೇರೆ ಬೇರೆ ಮಾಡ್ಬಿಡ್ತಾರೆ ಅನ್ನೋ ಭಯ ಒಳಗೇ ಇರುತ್ತೆ. ಬೀದಿ ಜಗಳದ ಕಥೆ ಅಂತ ಶುರುವಾಗುತ್ತೆ, ಆದ್ರೆ ನನ್ನನ್ನ ಹಿಡಿದಿಟ್ಟಿದ್ದು ಆ ಮೂರು ಜನ ಅಣ್ತಮ್ಮಂದಿರು. ಅಣ್ಣ ಯಾಕೆ ಅಷ್ಟು ಬೈತಾನೆ ಅಂತ ಪೋನಿಬಾಯ್‌ಗೆ ಅರ್ಥ ಆಗೋ ಜಾಗ ಬರುತ್ತೆ, ಅದನ್ನ ಇಲ್ಲಿ ಹೇಳಲ್ಲ, ನೀವೇ ಓದಿ.

—

ಮೇಲಿನವರು ಹೇಳಿದ್ದಕ್ಕೆ ನನ್ನದೊಂದು ಸೇರಿಸ್ತೀನಿ, ದನಿ ಜೊತೆ ಆಕಾರನೂ ನೋಡಿ. ವಾಲ್ಟರ್ ಡೀನ್ ಮೈಯರ್ಸ್ ಅವರ 'ಮಾನ್‌ಸ್ಟರ್' (1999) ಅರ್ಧ ಚಿತ್ರಕಥೆ, ಅರ್ಧ ಡೈರಿ. ದರೋಡೇಲಿ ಒಂದು ಕೊಲೆ ಆಗಿದೆ, ಹದಿನಾರರ ಸ್ಟೀವ್ ಮೇಲೆ ಕೇಸ್ ನಡೀತಿದೆ, ಅವನಿಗೆ ಸಿನಿಮಾ ಮಾಡೋ ಆಸೆ, ಹಾಗಾಗಿ ತನ್ನ ವಿಚಾರಣೇನೇ ಕ್ಯಾಮೆರಾ ಕಣ್ಣಲ್ಲಿ ಬರ್ಕೊತಾನೆ. ನಿಜವಾಗ್ಲೂ ಇವನು ಏನು ಮಾಡಿದ ಅನ್ನೋದು ಓದಿ ಮುಗಿಸಿದ್ಮೇಲೂ ತಲೇಲಿ ಕೊರೀತಾನೇ ಇರುತ್ತೆ. ಪ್ರಿಂಟ್ಜ್ ಪ್ರಶಸ್ತಿ ಅಂತ ವೈಎ ಪುಸ್ತಕಗಳಿಗೇ ಕೊಡೋದು ಶುರುವಾದಾಗ, 2000ದಲ್ಲಿ, ಮೊಟ್ಟಮೊದಲು ಬಂದಿದ್ದು ಇದಕ್ಕೇ. ಆ ಪ್ರಶಸ್ತಿ ಪಟ್ಟೀಲಿ ಪ್ರತಿ ವರ್ಷ ಗೆದ್ದ ಪುಸ್ತಕದ ಜೊತೆ ಗೌರವ ಪಡೆದ ಪುಸ್ತಕಗಳ ಹೆಸರೂ ಇರುತ್ತೆ, ನಾನು ಹೊಸದು ಹುಡುಕೋದು ಅಲ್ಲೇ, ಯಾಕಂದ್ರೆ ಅಲ್ಲಿ ಒಂದು ಪುಸ್ತಕದ ಹಾಗೆ ಇನ್ನೊಂದು ಇರಲ್ಲ.

ಆಮೇಲೆ ಜೇಸನ್ ರೆನಾಲ್ಡ್ಸ್ ಅವರ 'ಲಾಂಗ್ ವೇ ಡೌನ್' (2017). ಪೂರ್ತಿ ಪದ್ಯ. ಅಣ್ಣನನ್ನ ಕೊಂದೋನ್ನ ಹೊಡೀಬೇಕು ಅಂತ ಹದಿನೈದರ ಹುಡುಗ ಗನ್ ಇಟ್ಕೊಂಡು ಲಿಫ್ಟ್ ಹತ್ತುತಾನೆ, ಮುಖ್ಯ ಕಥೆ ಆ ಲಿಫ್ಟ್ ಕೆಳಗಿಳಿಯೋ ಒಂದು ನಿಮಿಷದಲ್ಲಿ ನಡೆಯುತ್ತೆ, ಒಂದೊಂದು ಮಹಡೀಲೂ ಸತ್ತೋದ ಒಬ್ಬೊಬ್ಬರು ಒಳಗೆ ಬರ್ತಾರೆ. ಒಂದು ಸಂಜೇಲಿ ಮುಗಿಯುತ್ತೆ, ಎರಡನೇ ಭಾಗದ ಚಿಂತೆನೇ ಬೇಡ.

—

ಸರಣಿ ಪೂರ್ತಿ ಬಿಡ್ಬೇಡಿ ಅಂತ ನನ್ನ ಕೋರಿಕೆ. ಎರಡನೇ ಭಾಗ ಯಾಕೆ ಸಪ್ಪೆ ಅನ್ಸುತ್ತೆ ಅಂದ್ರೆ ಸುಮಾರು ಕಡೆ ಅದು ಮೊದಲ್ನೇದಕ್ಕೂ ಕೊನೇದಕ್ಕೂ ನಡುವೆ ಹಾಕಿದ ಸೇತುವೆ ಅಷ್ಟೇ ಆಗಿರುತ್ತೆ. ಅರ್ಸುಲಾ ಲೆ ಗ್ವಿನ್ ಅವರ ಅರ್ತ್‌ಸೀ ಅನ್ನೋ ಮಾಂತ್ರಿಕರ ಕಥೆಗಳ ಸರಣಿ ಓದಿ. ಮೊದಲ ಪುಸ್ತಕ (1968) ಗೆಡ್ ಅನ್ನೋ ಹುಡುಗನದ್ದು, ಎರಡನೇದಕ್ಕೆ ಬಂದ್ರೆ ಟೆನಾರ್ ಅನ್ನೋ ಹುಡುಗಿ, ಚಿಕ್ಕ ವಯಸ್ಸಲ್ಲೇ ಮನೆಯಿಂದ ಕರ್ಕೊಂಡೋಗಿ ಕತ್ತಲೆ ಸಮಾಧಿಗಳಿಗೆ ಪೂಜಾರಿಣಿ ಮಾಡಿರ್ತಾರೆ, ಗೆಡ್ ಬರೋದು ಎಷ್ಟೋ ಹೊತ್ತಾದ್ಮೇಲೆ, ಅದೂ ಅವಳ ಕಣ್ಣಿಗೆ ಕಳ್ಳನ ಹಾಗೆ ಕಾಣ್ತಾನೆ. ನನಗಂತೂ ಎರಡನೇದೇ ಹೆಚ್ಚು ಇಷ್ಟ!

—

ಅಕ್ಕನ ಮಗಳ ವಿಷಯಕ್ಕೆ. ವೈಎ ಅಂದ್ರೆ ಹನ್ನೆರಡರಿಂದ ಹದಿನೆಂಟು ಅಂತಾರೆ, ಆದ್ರೆ ಹನ್ನೆರಡಕ್ಕೂ ಹದಿನೆಂಟಕ್ಕೂ ಎಷ್ಟು ದೂರ ಇದೆ ನೋಡಿ, ಅದಕ್ಕೆ ನೀವು ಮೊದಲು ಓದ್ಕೊಳ್ಳಿ. ಲಾರಿ ಹಾಲ್ಸ್ ಆಂಡರ್ಸನ್ ಅವರ 'ಸ್ಪೀಕ್' ಅದ್ಭುತ ಪುಸ್ತಕ, ಶಾಲೇಲಿ ಬಾಯೇ ಬಿಡದ ಮೆಲಿಂಡಾ ಮನಸ್ಸೊಳಗೆ ಎಷ್ಟು ಚೂಪಾಗಿ ಮಾತಾಡ್ತಾಳೆ ಅಂದ್ರೆ ಸುತ್ತ ಯಾರಿಗೂ ಕೇಳದೇ ಇರೋದು ಓದುಗರಿಗೆ ಮಾತ್ರ ಕೇಳ್ತಿರುತ್ತೆ. ಆದ್ರೆ ಅವಳ ಮೌನದ ಹಿಂದೆ ಅತ್ಯಾಚಾರ ಇದೆ, ಮಗು ಕೈಗೆ ಸುಮ್ನೆ ಕೊಟ್ಟು ನೀವು ನಿಮ್ಮ ಕೆಲಸಕ್ಕೆ ಹೋಗ್ಬೇಡಿ, ಇನ್ನೊಂದೆರಡು ವರ್ಷ ಆದ್ಮೇಲೆ ಜೊತೇಲಿ ಓದಿದ್ರೂ ಆಗುತ್ತೆ. ಈಗ 'ದಿ ಔಟ್‌ಸೈಡರ್ಸ್' ಅಥವಾ ಅರ್ತ್‌ಸೀ ಸಾಕು. ಔಟ್‌ಸೈಡರ್ಸ್‌ನಲ್ಲೂ ಸಾವು, ಚಾಕು ಎಲ್ಲಾ ಇದೆ, ಹೇಳಿರ್ತೀನಿ.

ಇನ್ನೊಂದು, ಓದಿದ್ಮೇಲೆ ಏನು ಅರ್ಥ ಆಯ್ತು ಅಂತ ಪರೀಕ್ಷೆ ಥರ ಕೇಳ್ಬೇಡಿ. ನಮ್ಮನೇಲಿ ನಾನು ನನಗೆ ಯಾರ ಮೇಲೆ ಸಿಟ್ಟು ಬಂತು ಅಂತ ಮೊದಲು ಹೇಳ್ತೀನಿ, ಮಗ ಅದನ್ನ ಒಪ್ಪಲ್ಲ, ಅಲ್ಲಿಂದ ಮಾತು ತಾನಾಗೇ ಹೊರಡುತ್ತೆ.

—

ಕೇಳಿದ್ದು ನಾನೇ, ಎಲ್ಲರಿಗೂ ಥ್ಯಾಂಕ್ಸ್. ನನಗೆ 'ಲಾಂಗ್ ವೇ ಡೌನ್', ಅವಳಿಗೆ ಅರ್ತ್‌ಸೀ ಮೊದಲ್ನೇದು ಅಂತ ಅಂದ್ಕೊಂಡಿದೀನಿ. ಪದ್ಯದಲ್ಲಿರೋ ಕಾದಂಬರಿ ಇದುವರೆಗೂ ಓದಿಲ್ಲ, ಹೇಗೆ ಓದ್ಬೇಕು?

—

ಕೇಳಿ! ಅದರ ಆಡಿಯೋಬುಕ್ ರೆನಾಲ್ಡ್ಸ್ ಅವರೇ ಓದಿದಾರೆ. ಎಲಿಜಬೆತ್ ಅಸೆವೆಡೊ ಕೂಡ ಪದ್ಯದಲ್ಲೇ ಬರೆದ ತಮ್ಮ ಕಾದಂಬರಿ 'ದಿ ಪೊಯೆಟ್ ಎಕ್ಸ್' ತಾವೇ ಓದಿದಾರೆ, ಆಕೆ ವೇದಿಕೆ ಮೇಲೆ ಕವಿತೆ ಹೇಳೋರು, ಎಲ್ಲಿ ನಿಲ್ಬೇಕು ಎಲ್ಲಿ ಓಡ್ಬೇಕು ಅಂತ ಚೆನ್ನಾಗಿ ಗೊತ್ತು. ಪುಸ್ತಕ ಮುಂದೆ ತೆರೆದಿಟ್ಕೊಂಡೇ ಕೇಳಿ, ಸಾಲುಗಳನ್ನ ಪುಟದ ಮೇಲೆ ಹೇಗೆ ಜೋಡಿಸಿದಾರೆ ಅನ್ನೋದೂ ಕಾಣ್ಬೇಕು.