ನೆಟಿಗೆ ಮುರಿದರೆ ಸಂಧಿವಾತ ಬರುತ್ತಾ?

ಗುಂಪು: ನಮ್ಮ ಹುಬ್ಬಳ್ಳಿ ಮನೆ

ದೊಡ್ಡಪ್ಪ (ಫಾರ್ವರ್ಡ್): ಎಚ್ಚರ! ದಿನಾ ಬೆರಳಿನ ನೆಟಿಗೆ ಮುರಿಯುವವರಿಗೆ ಸಂಧಿವಾತ ಗ್ಯಾರಂಟಿ. ಎಲ್ಲರಿಗೂ ಕಳಿಸಿ.

ದೊಡ್ಡಪ್ಪ: ಊಟಕ್ಕೆ ಕೂತಾಗಲೂ ಲಟಲಟ ಅನ್ನಿಸುವವರು ಯಾರು ಅಂತ ಎಲ್ಲರಿಗೂ ಗೊತ್ತು.

ಸಣ್ಣಣ್ಣ: ನನ್ನ ಹೆಸರೇ ಹೇಳಿಬಿಡಿ. ಯಾವ ಡಾಕ್ಟರ್ ಹೇಳಿದ್ದು ಇದನ್ನು?

ದೊಡ್ಡಪ್ಪ: ಹಿರಿಯರ ಮಾತಿಗೂ ಸಾಕ್ಷಿ ಬೇಕಾ? ಸಣ್ಣಂದಿನಿಂದ ಇದೇ ಬುದ್ಧಿ.

ನಾನು: ದೊಡ್ಡಪ್ಪ, ಆ ಸದ್ದು ಮೂಳೆ ತಿಕ್ಕಿದ್ದಲ್ಲ. ಕೀಲಿನೊಳಗೆ ಜಾರು ದ್ರವ ಇರುತ್ತದೆ. ಬೆರಳು ಎಳೆದಾಗ ಒತ್ತಡ ಇಳಿದು ಅದರಲ್ಲಿ ಗಾಳಿಗುಳ್ಳೆ ಏಳುತ್ತದೆ. ಅದು ಕರಗುವ ತನಕ ಅದೇ ಬೆರಳು ಮತ್ತೆ ಲಟಕ್ ಅನ್ನಲ್ಲ, ನೋಡಿದ್ದೀರಲ್ವಾ? ಅಮೆರಿಕದ ಡಾಕ್ಟರ್ ಡೊನಾಲ್ಡ್ ಅಂಗರ್ 50 ವರ್ಷ ಎಡಗೈ ಬೆರಳಷ್ಟೇ ಮುರಿದು, ಎರಡೂ ಕೈಗೆ ಸಂಧಿವಾತ ಬಂದಿಲ್ಲ ಅಂತ 1998ರಲ್ಲಿ ಬರೆದರು.

ಸಣ್ಣಣ್ಣ: ಒಬ್ಬರ ಕೈ ನೋಡಿ ನಂಬೋದಾ?

ನಾನು: ಒಬ್ಬರದ್ದು ಸಾಲದು, ನಿಜ. ಬೇರೆಯವರು ಬಹಳ ಜನರ ಕೈ ನೋಡಿದಾಗಲೂ ಸಂಬಂಧ ಸಿಕ್ಕಿಲ್ಲ.

ಕಾಕಾ: ಅವ್ವ ನೆನಪಾದಳು. ಸಿದ್ಧಾರೂಢರ ಜಾತ್ರೆಗೆ ಹೊರಟರೆ ಎಲ್ಲ ಮಕ್ಕಳಿಗೂ ದೃಷ್ಟಿ ತೆಗೆದು ನೆಟಿಗೆ ಮುರಿಯುತ್ತಿದ್ದಳು.

ದೊಡ್ಡಪ್ಪ: ಆ ಅವ್ವನ ಮೊಣಕಾಲು ನೋವಿಗೆ ಆಸ್ಪತ್ರೆ ಅಲೆದವನು ನಾನು. ನೀನು ಗದಗದಲ್ಲಿ ಆರಾಮಾಗಿದ್ದೆ.

ಕಾಕಾ: ರೊಕ್ಕ ಕಳಿಸಿದ್ದು ಯಾರು?

ಚಿಗವ್ವ: ನಾನು ಒಂದಿನಾನೂ ನೆಟಿಗೆ ಮುರಿದವಳಲ್ಲ. ಆದರೂ ಬೆಳಗ್ಗೆ ಬೆರಳು ಮಡಚೋಕೆ ಬರುತ್ತಿಲ್ಲ. ರೊಟ್ಟಿ ಬಡಿಯೋದು ಬಿಟ್ಟು ಎರಡು ತಿಂಗಳಾಯ್ತು.

ದೊಡ್ಡಪ್ಪ: ರೊಕ್ಕದ ಮಾತು ಗುಂಪಿನಲ್ಲಿ ಬೇಡ.

ಕಾಕಾ: ತೆಗೆದದ್ದು ನೀವೇ.

ನಾನು: ಇಬ್ಬರೂ ಸ್ವಲ್ಪ ಸುಮ್ನಿರಿ. ಚಿಗವ್ವ ಬರೆದದ್ದು ಓದಿದಿರಾ? ಚಿಗವ್ವಾ, ಎದ್ದ ಮೇಲೆ ಎಷ್ಟು ಹೊತ್ತು ಬಿಗಿ ಇರುತ್ತದೆ?

ಚಿಗವ್ವ: ಐದಕ್ಕೆ ಎದ್ದರೆ ಏಳರ ತನಕ. ಎರಡೂ ಕೈಯಲ್ಲಿ ಬೆರಳ ಬುಡದ ಗೆಣ್ಣು ಊದಿವೆ.

ದೊಡ್ಡಪ್ಪ: ವಯಸ್ಸಾಯ್ತು, ಸವೆತ. ಎಣ್ಣೆ ಹಚ್ಚು.

ನಾನು: ಅಜ್ಜಿಯದು ಸವೆತ. ಮೊಣಕಾಲಿನಲ್ಲಿ ಮೂಳೆಯ ತುದಿಯ ಮೆತ್ತನೆ ಪದರ ತೆಳುವಾಗಿತ್ತು. ಅಂಥ ನೋವಿನಲ್ಲಿ ಬೆಳಗಿನ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲಾಗುತ್ತದೆ. ಚಿಗವ್ವನದು ರುಮಟಾಯ್ಡ್ ಇರಬಹುದು. ಅದರಲ್ಲಿ ಮೈ ಕಾಯುವ ಪಡೆಯೇ ಕೀಲಿನ ಒಳಪೊರೆ ಮೇಲೆ ತಿರುಗಿ ಬೀಳುತ್ತದೆ. ಬಿಟ್ಟರೆ ಮೂಳೆ ಕೊರೆದು ಬೆರಳು ಸೊಟ್ಟಗಾಗುತ್ತವೆ. ಬೇಗ ಔಷಧಿ ಶುರು ಮಾಡಿದರೆ ಜಾಸ್ತಿ ಹಾನಿ ಆಗದಂತೆ ತಡೆಯಬಹುದು. ಎಣ್ಣೆಯಿಂದ ಅದು ನಿಲ್ಲಲ್ಲ. ಡಾಕ್ಟರಿಗೆ ತೋರಿಸಿ ರಕ್ತ ಪರೀಕ್ಷೆ ಮಾಡಿಸಲೇಬೇಕು.

ಕಾಕಾ: ನಾಳೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ.

ದೊಡ್ಡಪ್ಪ: ಗದಗದಿಂದ ಯಾಕೆ? ನನ್ನ ಕಾರು ಇಲ್ಲೇ ಇದೆ.

ಕಾಕಾ: ಆಮೇಲೆ ಅದನ್ನೂ ಹೇಳಿ ತೋರಿಸುತ್ತೀರಿ.

ಚಿಗವ್ವ: ಯಾರಾದರೂ ಒಬ್ಬರು ಎಂಟಕ್ಕೆ ಬನ್ನಿ. ಅದಕ್ಕಿಂತ ಮೊದಲು ನನಗೆ ಸೀರೆ ಉಡೋಕೆ ಕೈ ಬಾಗಲ್ಲ.