ನೆಚ್ಚಿನ ಸಿನಿಮಾ ದೃಶ್ಯ ನೋಡಿ ಬರೆಯಲು ಕುಳಿತರೆ ಅದೇ ದೃಶ್ಯ ಮರಳಿ ಬರುತ್ತದೆ, ಏನು ಮಾಡಲಿ?

ಪ್ರಶ್ನೆ: ಡೊಂಬಿವಲಿಯಿಂದ

ಮಾನ್ಯರೇ, ನಾನು ಹೊಟ್ಟೆಪಾಡಿಗೆ ಲೆಕ್ಕಪತ್ರ ಬರೆಯುವವನು, ಹವ್ಯಾಸಕ್ಕೆ ನಾಟಕ ಬರೆಯುವವನು. ನಮ್ಮ ಊರ ಕಡೆಯವರ ಸಂಘದ ವಾರ್ಷಿಕೋತ್ಸವಕ್ಕೆ 40 ನಿಮಿಷದ ಏಕಾಂಕವೊಂದನ್ನು ಬರೆದುಕೊಡಲು ಒಪ್ಪಿಕೊಂಡಿದ್ದೇನೆ. ವಸ್ತು ನನಗೆ ಗೊತ್ತಿರುವುದೇ ಆಗಿದೆ. ಮುಚ್ಚಲಿರುವ ಒಂದು ಉಡುಪಿ ಹೋಟೆಲು, ಅದರ ಕೊನೆಯ ರಾತ್ರಿ, ಗಲ್ಲಾದಲ್ಲಿ ಕುಳಿತ ಮಾಲೀಕರು ಮತ್ತು 30 ವರ್ಷ ಅವರ ಜೊತೆಗಿದ್ದ ಅಡುಗೆಯ ಭಟ್ಟರು.

ನನ್ನ ತೊಂದರೆ ಬೇರೆಯದು. 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಖಾಲಿ ಸ್ಟುಡಿಯೋದ ಕತ್ತಲೆಯೊಳಗೆ ಮೇಲಿನಿಂದ ಇಳಿಯುವ ಒಂದೇ ಒಂದು ಬೆಳಕಿನ ಕೋಲು, ದೂರ ದೂರ ನಿಂತ ಗುರುದತ್ ಮತ್ತು ವಹೀದಾ ರೆಹಮಾನ್, ಅವರ ದೇಹಗಳಿಂದ ಬೇರ್ಪಟ್ಟು ಪರಸ್ಪರರತ್ತ ನಡೆಯುವ ನೆರಳಿನಂಥ ಆಕೃತಿಗಳು, ಇವು ಕಾಲೇಜು ದಿನಗಳಿಂದಲೂ ನನ್ನನ್ನು ಬಿಟ್ಟಿಲ್ಲ. ಬರೆಯುವ ಹುಮ್ಮಸ್ಸು ಬರಲೆಂದು ಆ ದೃಶ್ಯವನ್ನು ಒಮ್ಮೆ ನೋಡಿಯೇ ಕುಳಿತುಕೊಳ್ಳುತ್ತೇನೆ. ಹುಮ್ಮಸ್ಸೇನೋ ಬರುತ್ತದೆ, ಆದರೆ ಮಾರನೆಯ ದಿನ ಓದಿ ನೋಡಿದರೆ ನನ್ನ ಹೋಟೆಲು ಸ್ಟುಡಿಯೋ ಆಗಿರುತ್ತದೆ, ಭಟ್ಟರು ಗುರುದತ್ತರಂತೆ ಮಾತಿಲ್ಲದೆ ನಿಂತಿರುತ್ತಾರೆ. ನಾನು ಕಂಡ ಯಾವ ಅಡುಗೆಯ ಭಟ್ಟರೂ ಐದು ನಿಮಿಷ ಸುಮ್ಮನೆ ನಿಂತವರಲ್ಲ. ಮೆಚ್ಚಿದ ದೃಶ್ಯದಿಂದ ಸ್ಫೂರ್ತಿಯನ್ನಷ್ಟೇ ಪಡೆದು ದೃಶ್ಯವನ್ನು ಅಲ್ಲಿಯೇ ಬಿಟ್ಟುಬರುವ ದಾರಿ ಯಾವುದಾದರೂ ಇದೆಯೇ?

ಉತ್ತರ: ಮಾಟುಂಗದಿಂದ

ಹವ್ಯಾಸಿ ತಂಡಗಳಿಗೆ ಬಹಳ ವರ್ಷಗಳಿಂದ ಬೆಳಕು ಮಾಡಿಕೊಂಡು ಬಂದವನಾದ್ದರಿಂದ ನಿಮ್ಮ ಪ್ರಶ್ನೆಗೆ ನನ್ನ ಕಸುಬಿನ ಕಡೆಯಿಂದ ಉತ್ತರಿಸುತ್ತೇನೆ. ಆ ಬೆಳಕಿನ ಕೋಲನ್ನು ಹಿಡಿದವರು ಚಿತ್ರದ ಛಾಯಾಗ್ರಾಹಕರಾದ ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರು. ಅದು ದೀಪದ ಬೆಳಕಲ್ಲ, ಬಿಸಿಲು. ಹೊರಗಿನ ಬಿಸಿಲನ್ನು ಒಂದು ದೊಡ್ಡ ಕನ್ನಡಿಯಿಂದ ಒಳಗಿನ ಇನ್ನೊಂದು ಕನ್ನಡಿಗೆ ಬೀಳಿಸಿ, ಅಲ್ಲಿಂದ ಅವರು ಅದನ್ನು ಕೆಳಕ್ಕೆ ಇಳಿಸಿದರು. ದೀಪದ ಬೆಳಕು ದೂರ ಹೋದಂತೆ ಹರಡಿಕೊಳ್ಳುತ್ತದೆ. ಸೂರ್ಯನ ಕಿರಣಗಳು ಬಹುತೇಕ ಸಮಾನಾಂತರವಾಗಿ ಬರುವುದರಿಂದ ಮೇಲೆ ಎಷ್ಟು ದಪ್ಪವೋ ಕೆಳಗೂ ಹೆಚ್ಚುಕಡಿಮೆ ಅಷ್ಟೇ ದಪ್ಪವಾಗಿ ಉಳಿಯುತ್ತವೆ. ಆ ದೃಶ್ಯದ ಬೆಳಕು ಕಂಬದಂತೆ ಗಟ್ಟಿಯಾಗಿ ಕಾಣುವುದರ ಗುಟ್ಟು ಅದು.

ನಾನು ಇದನ್ನು ಓದಿ ಸುಮ್ಮನಿರಲಾರದೆ ಒಂದು ಭಾನುವಾರ ಮಧ್ಯಾಹ್ನ ಕಪಾಟಿನ ಬಾಗಿಲಿನ ಕನ್ನಡಿಯನ್ನು ಬಿಚ್ಚಿ ಗ್ಯಾಲರಿಯಲ್ಲಿಟ್ಟು, ಕಿಟಕಿಗಳನ್ನು ಮುಚ್ಚಿ, ಬಿಸಿಲನ್ನು ಅಡುಗೆಮನೆಯೊಳಕ್ಕೆ ತಿರುಗಿಸಿದೆ. ಗೋಡೆಯ ಮೇಲೆ ಒಂದು ಬಿಳಿಯ ಚೌಕ ಕಂಡಿತೇ ಹೊರತು ನಡುವೆ ಏನೂ ಕಾಣಲಿಲ್ಲ. ಹೆಂಡತಿ ಬೈಯುತ್ತ ಗೋಧಿಹಿಟ್ಟು ಜರಡಿ ಹಿಡಿಯಲು ಬಂದಾಗ, ಏಳುತ್ತಿದ್ದ ಹಿಟ್ಟಿನ ಧೂಳಿನಲ್ಲಿ ಬೆಳಕಿನ ಕೋಲು ಇದ್ದಕ್ಕಿದ್ದಂತೆ ಮೂಡಿತು. ಅದನ್ನು ಸರಿಯಾಗಿ ನೋಡುವಷ್ಟರಲ್ಲಿ ಚೌಕ ಸರಿಯತೊಡಗಿತ್ತು, ಏಕೆಂದರೆ ಸೂರ್ಯ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಸರಿಯುತ್ತಾನೆ, ಹತ್ತು ಅಡಿ ದೂರದ ಗೋಡೆಯ ಮೇಲೆ ಅದು ಸುಮಾರು ಎರಡು ಅಂಗುಲವಾಗುತ್ತದೆ. ಆ ಚಿತ್ರೀಕರಣದಲ್ಲಿ ಬಿಸಿಲಿಗಾಗಿ ಕಾದು ಕಾದು ಕನ್ನಡಿ ತಿರುಗಿಸಿದವರ ಕಷ್ಟ ನನಗೆ ಅಂದು ಅರ್ಥವಾಯಿತು.

ಹೇಳಬೇಕಾದದ್ದು ಇಷ್ಟೇ: ನೀವು ಬೆಳಕನ್ನು ನೋಡುತ್ತಿದ್ದೀರಿ, ಕನ್ನಡಿಯನ್ನು ನೋಡುತ್ತಿಲ್ಲ. ಸ್ಟುಡಿಯೋದಲ್ಲಿ ಸುತ್ತ ನೂರು ದೀಪಗಳಿದ್ದರೂ ಮೂರ್ತಿಯವರು ಬೆಳಕಿಗಾಗಿ ಹೊರಗೆ ಹೋದರು. ನಿಮ್ಮ ಹೋಟೆಲಿನಲ್ಲಿ ರಾತ್ರಿ ದೀಪ ಆರಿಸಿದ ಮೇಲೆ ಬೆಳಕು ಎಲ್ಲಿಂದ ಬರುತ್ತದೆ? ಅದನ್ನು ನೀವು ಎಲ್ಲಿಯೂ ಹೇಳಿಲ್ಲ.

ಉತ್ತರ: ಠಾಣೆಯಿಂದ

ಕ್ಷಮಿಸಬೇಕು, ಇದೆಲ್ಲ ನನಗೆ ಇನ್ನೊಬ್ಬರ ಎಂಜಲೆಲೆಯಲ್ಲಿ ಕುಳಿತು ಉಂಡಂತೆ ಕಾಣುತ್ತದೆ. ಕಸಾರಾದಿಂದ ಬರುವ ಬೆಳಗಿನ ಲೋಕಲಿನಲ್ಲಿ ಒಂದು ವಾರ ನಿಂತು ಪ್ರಯಾಣ ಮಾಡಿದರೆ ಹತ್ತು ನಾಟಕಗಳಿಗೆ ಸಾಕಾಗುವಷ್ಟು ಮುಖಗಳು ಸಿಗುತ್ತವೆ. ಸಿನಿಮಾ ನೋಡುವುದನ್ನು ಬಿಟ್ಟು ಹೋಟೆಲಿಗೆ ಹೋಗಿರಿ.

ಉತ್ತರ: ವಾಸ್ಕೋದಿಂದ

ಠಾಣೆಯವರ ಮಾತಿನ ಉತ್ತರಾರ್ಧವನ್ನು ಒಪ್ಪುತ್ತೇನೆ, ಎಂಜಲು ಎಂಬುದನ್ನು ಒಪ್ಪಲಾರೆ. ನೋಡಿದ ದೃಶ್ಯ ನಮ್ಮೊಳಗೆ ಇದ್ದ ಹಾಗೆಯೇ ಉಳಿಯುವುದಾದರೆ ಅದು ಎಂಜಲಾದೀತು, ಆದರೆ ಅದು ಹಾಗೆ ಉಳಿಯುವುದೇ ಇಲ್ಲ.

ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಚಿತ್ರವನ್ನು ನಾನು ಹುಡುಗಿಯಾಗಿದ್ದಾಗ ದೂರದರ್ಶನದಲ್ಲಿ ನೋಡಿದ್ದೆ. ಕೊನೆಯಲ್ಲಿ ತಲೆ ಬೋಳಿಸಿಕೊಂಡ ಯಮುನಕ್ಕ ಮರದ ಕೆಳಗೆ ಒಂಟಿಯಾಗಿ ಕುಳಿತಿರುವುದು ಮತ್ತು ಊರು ಬಿಟ್ಟು ಹೊರಟ ಪುಟ್ಟ ಹುಡುಗ ಅವಳತ್ತ ತಿರುಗಿ ನೋಡುವುದು ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿತು. ಮುಂದೆ ಕಥೆ ಬರೆಯತೊಡಗಿದಾಗ ಆ ದೃಶ್ಯದ ಕೆಂಪು ಸೀರೆಯನ್ನು ನೆನೆಸಿಕೊಂಡೇ ಬರೆದೆ. ಇಡೀ ಚಿತ್ರದಲ್ಲಿ ನನ್ನನ್ನು ಹೆಚ್ಚು ಕಲಕಿದ್ದು ಆ ಕೆಂಪು ಎಂದು ಹತ್ತಾರು ಜನರಿಗೆ ಹೇಳಿಯೂ ಇದ್ದೆ. ಪುನರುದ್ಧಾರಗೊಂಡ ಅದರ ಪ್ರತಿಯನ್ನು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದ ಸುದ್ದಿ ಓದಿದ ಮೇಲೆ ಆ ಚಿತ್ರವನ್ನು ಮತ್ತೊಮ್ಮೆ ಹುಡುಕಿ ನೋಡಿದೆ. ಚಿತ್ರ ಕಪ್ಪು-ಬಿಳುಪಿನದು. ಅಷ್ಟೇ ಅಲ್ಲ, ಅಂದು ನಮ್ಮ ಮನೆಯಲ್ಲಿದ್ದ ಟಿವಿಯೂ ಕಪ್ಪು-ಬಿಳುಪಿನದೇ ಆಗಿತ್ತು.

ಹಾಗಾದರೆ ಆ ಕೆಂಪು ಎಲ್ಲಿಂದ ಬಂತು? ಅದು ಕುಂದಾಪುರದ ಕಡೆಯ ನಮ್ಮ ಹಳೆಯ ಮನೆಯದು. ಅಜ್ಜಿಯ ಅಕ್ಕ, ನಾವು ದೊಡ್ಡಜ್ಜಿ ಎಂದು ಕರೆಯುತ್ತಿದ್ದವರು, ಕೆಂಪು ಸೀರೆಯ ಸೆರಗನ್ನು ಬೋಳುತಲೆಯ ಮೇಲೆ ಎಳೆದುಕೊಂಡು ಹಿತ್ತಲ ಜಗಲಿಯಲ್ಲಿ ಹಲಸಿನ ಬೀಜದ ಸಿಪ್ಪೆ ಬಿಡಿಸುತ್ತಿದ್ದರು. ಸೀರೆ ಹೊಸತಾಗಿದ್ದಾಗ ಬಣ್ಣ ಬಿಟ್ಟು ಅವರ ಕಿವಿಯ ಹಿಂಭಾಗ ತಿಳಿಗೆಂಪಾಗಿರುತ್ತಿತ್ತು. ಅವರನ್ನು ಕುರಿತು ನಾನು ಎಂದೂ ಬರೆಯಲು ಯೋಚಿಸಿದವಳಲ್ಲ, ಏಕೆಂದರೆ ಅವರು ಮನೆಯಲ್ಲಿ ಇದ್ದೂ ಇಲ್ಲದಂತೆ ಇದ್ದವರು. ಚಿತ್ರದ ಒಂದು ದೃಶ್ಯ ಅವರನ್ನು ಹೊರಗೆ ಕರೆತಂದಿತು, ಕರೆತಂದದ್ದು ನನಗೆ ಮೂರು ದಶಕಗಳ ಕಾಲ ತಿಳಿಯಲೂ ಇಲ್ಲ.

ಆದ್ದರಿಂದ ಡೊಂಬಿವಲಿಯವರೇ, ಬರೆಯುವ ಮೊದಲು ದೃಶ್ಯವನ್ನು ಮತ್ತೆ ನೋಡುವ ಅಭ್ಯಾಸವೇ ನಿಮಗೆ ತೊಡಕಾಗಿರಬೇಕು. ನೋಡದೆ, ನೆನಪಿನಿಂದಷ್ಟೇ ಅದನ್ನು ಒಂದು ಹಾಳೆಯಲ್ಲಿ ಬರೆದಿಡಿ, ಆಮೇಲೆ ಚಿತ್ರದ ಪಕ್ಕದಲ್ಲಿಟ್ಟು ಹೋಲಿಸಿ ನೋಡಿ. ಎಲ್ಲೆಲ್ಲಿ ನಿಮ್ಮ ನೆನಪು ತಪ್ಪಿದೆಯೋ ಅಲ್ಲೆಲ್ಲ ನಿಮ್ಮ ಸ್ವಂತದ್ದು ಏನೋ ಒಳಗೆ ನುಸುಳಿರುತ್ತದೆ.

ಉತ್ತರ: ಪುಣೆಯಿಂದ

ವಾಸ್ಕೋದ ಸಹೋದರಿಯವರ ಸಲಹೆಗೆ ನನ್ನದೊಂದು ಮಾತನ್ನು ಸೇರಿಸುತ್ತೇನೆ. ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ಯಲ್ಲಿ (1955) ಊರಿಗೆ ಮರಳಿದ ಹರಿಹರ, ಮಗಳು ತೀರಿಕೊಂಡ ಸುದ್ದಿ ತಿಳಿಯದೆ, ತಂದ ಸಾಮಾನುಗಳನ್ನು ಒಂದೊಂದಾಗಿ ಹೆಂಡತಿಗೆ ತೋರಿಸುತ್ತ ಕೊನೆಗೆ ದುರ್ಗಾಳಿಗೆಂದು ತಂದ ಸೀರೆಯನ್ನು ಅವಳ ಕೈಗೆ ಕೊಡುತ್ತಾನೆ. ಸರ್ಬಜಯಾ ಕುಸಿದು ಅಳುತ್ತಾಳೆ, ಆದರೆ ಅಳುವಿನ ಧ್ವನಿ ನಮಗೆ ಕೇಳಿಸುವುದಿಲ್ಲ, ಅದರ ಜಾಗದಲ್ಲಿ ತಾರ್ ಶಹನಾಯಿ ಎಂಬ ತಂತಿವಾದ್ಯದ ಎತ್ತರದ ಸ್ವರ ಕೇಳಿಸುತ್ತದೆ. ಆ ಸ್ವರವನ್ನು ನಕಲು ಮಾಡಿದವರಿಗೆ ಲೆಕ್ಕವಿಲ್ಲ. ಇಂದಿನ ಧಾರಾವಾಹಿಗಳಲ್ಲಿ ಅತ್ತವರೆಲ್ಲರ ಅಳುವಿನ ಮೇಲೂ ವಾದ್ಯ ಬಾರಿಸುತ್ತಾರೆ. ಆದರೆ ಸೀರೆಯನ್ನು ಗಮನಿಸಿದವರು ಕಡಿಮೆ. ಸಾವಿನ ಸುದ್ದಿಯನ್ನು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಇನ್ನು ಉಡುವವರಿಲ್ಲದ ಒಂದು ಬಟ್ಟೆ ಹೇಳುತ್ತದೆ. ನಿಮ್ಮ ಭಟ್ಟರ ಕೈಯಲ್ಲಿ ಅಂಥದ್ದು ಏನಿದೆ ಎಂದು ಹುಡುಕಿ ನೋಡಿ.

ಪ್ರಶ್ನೆ ಕೇಳಿದವರ ಮರುಮಾತು: ಡೊಂಬಿವಲಿಯಿಂದ

ಎಲ್ಲರಿಗೂ ಕೃತಜ್ಞತೆಗಳು. ಠಾಣೆಯವರು ಬೈದದ್ದು ಒಳ್ಳೆಯದೇ ಆಯಿತು, ಮರುದಿನ ರಾತ್ರಿ ನಮ್ಮ ಸ್ಟೇಷನ್ ಪಕ್ಕದ ಹೋಟೆಲೊಂದರಲ್ಲಿ ಮುಚ್ಚುವ ವೇಳೆಯವರೆಗೆ ಕುಳಿತಿದ್ದೆ. ಒಳಗಿನ ದೀಪಗಳನ್ನು ಆರಿಸಿ ಶಟರನ್ನು ಅರ್ಧ ಎಳೆದ ಮೇಲೆ ಬೆಳಕು ಬರುವುದು ಕೆಳಗಿನಿಂದ. ಹುಡುಗರು ನೆಲಕ್ಕೆ ಫಿನೈಲ್ ನೀರು ಸುರಿದು ಗುಡಿಸುತ್ತಿದ್ದರು, ರಸ್ತೆಯ ದೀಪ ಆ ಒದ್ದೆ ನೆಲದ ಮೇಲೆ ಒಳಗಿನವರೆಗೂ ಜಾರಿ ಬಂದಿತ್ತು. ಹೊರಗೆ ನಡೆದು ಹೋಗುವವರ ಮೊಣಕಾಲಿನ ಕೆಳಗಿನ ಭಾಗವಷ್ಟೇ ಕಾಣುತ್ತಿತ್ತು. ಅಲ್ಲಿ ಕುಳಿತವರ ಮುಖಗಳಿಗಿಂತ ಮೇಜಿನ ಕಾಲುಗಳ ಮೇಲೆಯೇ ಹೆಚ್ಚು ಬೆಳಕಿತ್ತು.

ಒಳಗೆ ಭಟ್ಟರು ಮರುದಿನ ಅರೆಯಬೇಕಾದ ಇಡ್ಲಿಹಿಟ್ಟಿಗೆ ಅಕ್ಕಿ, ಉದ್ದು ಅಳೆದು ನೀರು ಹಾಕುತ್ತಿದ್ದರು. ಪುಣೆಯವರು ಕೇಳಿದ ವಸ್ತು ನನಗೆ ಅಲ್ಲಿ ಸಿಕ್ಕಿತು. ನನ್ನ ನಾಟಕದ ಭಟ್ಟರು ಕೊನೆಯ ರಾತ್ರಿಯೂ ನಾಳೆಯ ಅಕ್ಕಿಯನ್ನು ನೆನೆಹಾಕುತ್ತಾರೆ, ಅದೂ ಊರ ಸುದ್ದಿಯನ್ನೆಲ್ಲ ಬಾಯಿತುಂಬ ಮಾತನಾಡುತ್ತಲೇ. ನೀರು ಬಿದ್ದ ಅಕ್ಕಿಯನ್ನು ಮತ್ತೆ ಚೀಲಕ್ಕೆ ಸುರಿಯಲಾಗದು ಎಂಬುದು ಮಾಲೀಕರಿಗೂ ಗೊತ್ತು, ನೋಡುವವರಿಗೂ ಗೊತ್ತು. ಭಟ್ಟರು ಮರೆತು ಹಾಕಿದರೋ ಬೇಕೆಂದೇ ಹಾಕಿದರೋ ಎಂಬುದನ್ನು ಮಾತ್ರ ನಾನಿನ್ನೂ ತೀರ್ಮಾನಿಸಿಲ್ಲ.

ಮಾಟುಂಗದ ಹಿರಿಯರಲ್ಲಿ ಒಂದು ಕೋರಿಕೆ. ರಂಗದ ಮೇಲೆ ನೀರು ಸುರಿಯಲು ಸಭಾಂಗಣದವರು ಖಂಡಿತ ಬಿಡುವುದಿಲ್ಲ. ಒದ್ದೆ ನೆಲವನ್ನು ತೋರಿಸುವುದು ಹೇಗೆ?

ಉತ್ತರ: ಮಾಟುಂಗದಿಂದ

ನೀರು ಬೇಡ. ಹೊಳಪಿರುವ ಕಪ್ಪು ಪ್ಲಾಸ್ಟಿಕ್ ಹಾಳೆಯನ್ನು ಸುಕ್ಕಿಲ್ಲದಂತೆ ಹಾಸಿ, ರಂಗದ ಹಿಂಬದಿಯಲ್ಲಿ ಒಂದೇ ದೀಪವನ್ನು ನೆಲದ ಮಟ್ಟದಲ್ಲಿಟ್ಟು, ಅದರ ಮುಂದೆ ಶಟರಿನ ಹಾಗೆ ಒಂದು ಹಲಗೆಯನ್ನು ಮೊಣಕಾಲೆತ್ತರಕ್ಕೆ ತೂಗುಹಾಕಿಸಿ. ಪ್ರೇಕ್ಷಕರ ಕಣ್ಣಿಗೆ ದೀಪ ನೇರವಾಗಿ ಚುಚ್ಚದಂತೆ ಸ್ವಲ್ಪ ಓರೆಯಾಗಿಡಬೇಕು. ಹಲಗೆಯ ಆಚೆ ಇಬ್ಬರು ಹುಡುಗರು ಆಗಾಗ ನಡೆದು ಹೋಗಲಿ. ಹಾಳೆಯ ಅಂಚನ್ನು ಟೇಪು ಹಾಕಿ ಬಿಗಿಯಿರಿ, ಇಲ್ಲವಾದರೆ ಭಟ್ಟರು ಅಕ್ಕಿಯ ಪಾತ್ರೆಯ ಸಮೇತ ಜಾರಿ ಬೀಳುತ್ತಾರೆ.